ಪುಟದೊಳಗೆ ಸ್ಕ್ರಿಪ್ಟ್ ಕೂರಿಸಲು ಎಸ್‌ಎಸ್‌ಐ ಸಾಕೇ, ಪಿಎಚ್‌ಪಿ ಬೇಕೇ?

120 ಪುಟಗಳ ಒಂದು ಕಾಲೇಜಿನ ಜಾಲತಾಣ ಇದೆ ಎನ್ನಿ. ಎಲ್ಲವೂ ಕೈಯಲ್ಲಿ ಬರೆದ ಎಚ್‌ಟಿಎಂಎಲ್. ಮೆನುವಿಗೆ ಒಂದು ಕೊಂಡಿ ಸೇರಿಸಲು 120 ಫೈಲ್ ತೆರೆದು ಮುಚ್ಚಬೇಕು. ಇದರ ಜೊತೆಗೆ ಮುಖಪುಟದ ಬಲಬದಿಯಲ್ಲಿ ಈ ವಾರದ ಪ್ರಕಟಣೆಗಳು ತಾವಾಗಿ ಬರಬೇಕು. ಅವನ್ನು ಪಟ್ಟಿ ಮಾಡಿಕೊಡುವ ಪರ್ಲ್ ಭಾಷೆಯ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, ಸಿದ್ಧವಿದೆ, ಪುಟದೊಳಗೆ ಕೂರಿಸುವ ದಾರಿಯಷ್ಟೇ ಬೇಕು. ಇಷ್ಟಕ್ಕಾಗಿ ಇಡೀ ತಾಣವನ್ನು ವರ್ಡ್‌ಪ್ರೆಸ್‌ಗೆ ಸಾಗಿಸುವವರಿದ್ದಾರೆ. ಆಮೇಲೆ ಪ್ಲಗಿನ್ ಅಪ್‌ಡೇಟ್, ಡೇಟಾಬೇಸ್ ಬ್ಯಾಕಪ್, ಲಾಗಿನ್ ಪುಟದ ಮೇಲೆ ದಾಳಿ, ಎಲ್ಲವನ್ನೂ ನೋಡಿಕೊಳ್ಳಬೇಕಾಗುತ್ತದೆ. ಎರಡು ಸಾಲಿನ ಕೆಲಸಕ್ಕೆ ಅಷ್ಟು ಹೊರೆ ಬೇಕಿಲ್ಲ.

ದಾರಿಗಳು ಹಲವಿವೆ: ಪುಟಗಳನ್ನು ಕಳಿಸುವ ಸರ್ವರ್ ತಂತ್ರಾಂಶ ಅಪಾಚಿಯ ಸರ್ವರ್ ಸೈಡ್ ಇನ್‌ಕ್ಲೂಡ್, ಅಂದರೆ ಎಸ್‌ಎಸ್‌ಐ, ಅಂಥದೇ ಇನ್ನೊಂದು ಸರ್ವರ್ ಎಂಜಿನ್‌ಎಕ್ಸ್‌ನ ಎಸ್‌ಎಸ್‌ಐ, ಸರ್ವರಿನಲ್ಲಿ ಓಡುವ ಭಾಷೆ ಪಿಎಚ್‌ಪಿಯ ಇನ್‌ಕ್ಲೂಡ್, ವಾರ್ನಿಶ್‌ನಂಥ ಕ್ಯಾಶ್ (ಪುಟದ ಪ್ರತಿ ಇಟ್ಟುಕೊಂಡು ಮತ್ತೆ ಮತ್ತೆ ಕೊಡುವ) ಸರ್ವರ್‌ಗಳ ಎಡ್ಜ್ ಸೈಡ್ ಇನ್‌ಕ್ಲೂಡ್, ಅಂದರೆ ಇಎಸ್‌ಐ, ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್ ಅಥವಾ ಐಫ್ರೇಮ್, ಹ್ಯೂಗೊ, ಜೆಕಿಲ್‌ನಂಥ ಸ್ಟ್ಯಾಟಿಕ್ ಜನರೇಟರ್. ಇವುಗಳ ನಡುವೆ ಆರಿಸುವಾಗ ನೋಡಬೇಕಾದ್ದು ಮುಖ್ಯವಾಗಿ ಒಂದೇ. ಪುಟವೂ ತುಣುಕೂ (ಮೆನು, ಪ್ರಕಟಣೆಯ ಪಟ್ಟಿಯಂಥ, ಪುಟದೊಳಗೆ ಸೇರಿಸುವ ಭಾಗ) ಒಂದಾಗುವುದು ಎಲ್ಲಿ, ಯಾವಾಗ? ಜನರೇಟರ್ ನಿಮ್ಮ ಕಂಪ್ಯೂಟರಿನಲ್ಲಿ, ಅಪ್‌ಲೋಡಿಗೆ ಮೊದಲೇ ಜೋಡಿಸುತ್ತದೆ. ಎಸ್‌ಎಸ್‌ಐ ಮತ್ತು ಪಿಎಚ್‌ಪಿ ಓದುಗರು ಪುಟ ಕೇಳಿದ ಗಳಿಗೆಯಲ್ಲಿ ಸರ್ವರಿನಲ್ಲಿ ಜೋಡಿಸುತ್ತವೆ. ಇಎಸ್‌ಐ ಸರ್ವರಿಗೂ ಓದುಗರಿಗೂ ನಡುವಿನ ಕ್ಯಾಶಿನಲ್ಲಿ ಜೋಡಿಸುತ್ತದೆ. ಜಾವಾಸ್ಕ್ರಿಪ್ಟ್ ಓದುಗರ ಮೊಬೈಲಿನಲ್ಲಿ ಜೋಡಿಸುತ್ತದೆ. ತುಣುಕು ಎಷ್ಟು ಹೊತ್ತಿಗೊಮ್ಮೆ ಬದಲಾಗುತ್ತದೆ, ಎಲ್ಲರಿಗೂ ಒಂದೇ ಬಗೆಯೇ ಅಥವಾ ಒಬ್ಬೊಬ್ಬರಿಗೆ ಒಂದೊಂದೇ ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ಅರ್ಧ ಆಯ್ಕೆ ಮುಗಿಯಿತು.

ಒಂದು ಸೂಚನೆ: ಆದೇಶಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದೆ. ಫೈಲಿನಲ್ಲಿ ಹೊಡೆಯುವಾಗ ಅವು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.

ಅಪಾಚಿಯ ಎಸ್‌ಎಸ್‌ಐ

ಎಸ್‌ಎಸ್‌ಐ 1990ರ ದಶಕದ ಎನ್‌ಸಿಎಸ್‌ಎ ಸರ್ವರ್ ಕಾಲದಿಂದ ಬಂದದ್ದು. ಅಪಾಚಿಯಲ್ಲಿ ಇದನ್ನು ನಡೆಸುವುದು ಮಾಡ್_ಇನ್‌ಕ್ಲೂಡ್ ಎಂಬ ಮಾಡ್ಯೂಲ್. ಎಚ್‌ಟಿಎಂಎಲ್ ಕಾಮೆಂಟಿನ ವೇಷದಲ್ಲಿರುವ ಆದೇಶವನ್ನು ಸರ್ವರ್ ಓದಿ, ಆ ಜಾಗದಲ್ಲಿ ಫಲಿತಾಂಶ ಇಟ್ಟು ಕಳಿಸುತ್ತದೆ. ಬ್ರೌಸರಿಗೆ ಆದೇಶದ ಸುಳಿವೂ ಇರುವುದಿಲ್ಲ.

ಸಜ್ಜು ಮಾಡುವುದು ಹೀಗೆ. ಉಬುಂಟು ಅಥವಾ ಡೆಬಿಯನ್ ಆದರೆ ಮೊದಲು ಎ2ಎನ್‌ಮಾಡ್ ಕಮಾಂಡಿನಿಂದ ಇನ್‌ಕ್ಲೂಡ್ ಮಾಡ್ಯೂಲನ್ನು ಎಬ್ಬಿಸಿ ಅಪಾಚಿಯನ್ನು ರೀಸ್ಟಾರ್ಟ್ ಮಾಡಿ. ಆಮೇಲೆ ಕಾನ್ಫಿಗ್ ಫೈಲಿನಲ್ಲಿ ಅಥವಾ ತಾಣದ ಡೈರೆಕ್ಟರಿಯಲ್ಲೇ ಇಡುವ ಸಜ್ಜಿನ ಫೈಲ್ .ಎಚ್‌ಟಿ‌ಆ್ಯಕ್ಸೆಸ್‌ನಲ್ಲಿ ಮೂರು ಸಾಲು:

ಆಪ್ಷನ್ಸ್ +ಇನ್‌ಕ್ಲೂಡ್ಸ್‌ನೋಎಕ್ಸೆಕ್
ಆ್ಯಡ್‌ಟೈಪ್ ಟೆಕ್ಸ್ಟ್/ಎಚ್‌ಟಿಎಂಎಲ್ .ಎಸ್‌ಎಚ್‌ಟಿಎಂಎಲ್
ಆ್ಯಡ್‌ಔಟ್‌ಪುಟ್‌ಫಿಲ್ಟರ್ ಇನ್‌ಕ್ಲೂಡ್ಸ್ .ಎಸ್‌ಎಚ್‌ಟಿಎಂಎಲ್

ಮೊದಲ ಸಾಲಿನ ಕೂಡಿಸು ಚಿಹ್ನೆ ಮರೆಯಬೇಡಿ. ಅದಿಲ್ಲದೆ ಬರೆದರೆ ಆ ಡೈರೆಕ್ಟರಿಗೆ ಮೊದಲಿದ್ದ ಬೇರೆ ಆಪ್ಷನ್‌ಗಳೆಲ್ಲ ಅಳಿಸಿಹೋಗುತ್ತವೆ. .ಎಚ್‌ಟಿ‌ಆ್ಯಕ್ಸೆಸ್‌ನಲ್ಲಿ ಬರೆದಾಗ 500 ದೋಷ ಬಂದರೆ ಹೆಚ್ಚಾಗಿ ಕಾರಣ ಆ ಫೈಲ್ ಏನೇನು ಬದಲಿಸಬಹುದೆಂದು ಮುಖ್ಯ ಕಾನ್ಫಿಗ್ ಫೈಲಿನಲ್ಲಿ ಹೇಳುವ ಅಲೌಓವರ್‌ರೈಡ್. ಆಪ್ಷನ್ಸ್ ಸಾಲಿಗೆ ಅದರಲ್ಲಿ ಆಪ್ಷನ್ಸ್ ಅನುಮತಿ ಇರಬೇಕು, ಉಳಿದ ಎರಡಕ್ಕೆ ಫೈಲ್‌ಇನ್ಫೊ ಅನುಮತಿ ಇರಬೇಕು. ಹಂಚಿಕೆಯ ಹೋಸ್ಟಿಂಗ್‌ನಲ್ಲಿ ಇದನ್ನು ನೀವು ಬದಲಿಸಲಾಗದು, ಸೇವೆ ಕೊಡುವವರನ್ನೇ ಕೇಳಬೇಕು.

ಇನ್ನು ಆದೇಶ. ಮೆನುವನ್ನು ತರಲು:

<!--#ಇನ್‌ಕ್ಲೂಡ್ ವರ್ಚುವಲ್="/ತುಣುಕು/ಮೆನು.ಎಸ್‌ಎಚ್‌ಟಿಎಂಎಲ್" -->

ಎರಡು ಅಡ್ಡಗೆರೆಗೂ ಹ್ಯಾಷ್ ಚಿಹ್ನೆಗೂ ನಡುವೆ ಜಾಗ ಬಿಡಬಾರದು. ಕೊನೆಯ ಅಡ್ಡಗೆರೆಗಳ ಮುಂಚೆ ಜಾಗ ಬಿಡಲೇಬೇಕು, ಇಲ್ಲವಾದರೆ ಮುಚ್ಚುವ ಗುರುತನ್ನು ಅಪಾಚಿ ಆದೇಶದ ಭಾಗವೆಂದೇ ಓದಿಕೊಳ್ಳುತ್ತದೆ. ಹೊಸಬರ ಕೆಲಸ ಕೆಡುವುದು ಹೆಚ್ಚಾಗಿ ಈ ಎರಡು ಜಾಗಗಳಲ್ಲೇ.

ಅಪಾಚಿಯೊಳಗೇ ಇರುವ ಮೂರು ಆಯ್ಕೆ

ಸ್ಕ್ರಿಪ್ಟ್ ಕೂರಿಸುವವರು ಎಡವುವುದು ಇಲ್ಲಿ. ಇನ್‌ಕ್ಲೂಡ್ ಫೈಲ್, ಇನ್‌ಕ್ಲೂಡ್ ವರ್ಚುವಲ್, ಎಕ್ಸೆಕ್ ಮೂರೂ ನೋಡಲು ಒಂದೇ ಕೆಲಸದವು, ಆದರೆ ಒಳಗೆ ಬೇರೆ ಬೇರೆ.

ಇನ್‌ಕ್ಲೂಡ್ ಫೈಲ್ ಈಗಿನ ಡೈರೆಕ್ಟರಿಯಿಂದ ದಾರಿ ಎಣಿಸುತ್ತದೆ. ಮೇಲಿನ ಡೈರೆಕ್ಟರಿಗೆ ಹೋಗುವ ಎರಡು ಚುಕ್ಕಿಯನ್ನು ಒಪ್ಪುವುದಿಲ್ಲ, ಓರೆಗೆರೆಯಿಂದ ಆರಂಭವಾಗುವ ಪೂರ್ಣ ದಾರಿಯನ್ನೂ ಒಪ್ಪುವುದಿಲ್ಲ. ಹಾಗಾಗಿ ಉಪಡೈರೆಕ್ಟರಿಗಳಿರುವ ತಾಣದಲ್ಲಿ ಒಂದೇ ಮೆನುವನ್ನು ಎಲ್ಲ ಕಡೆ ತರಲು ಇದು ಒದಗುವುದಿಲ್ಲ. ಇದನ್ನು ಬಳಸಬೇಕಾದ ಸಂದರ್ಭ ನಮಗೆ ಬಹಳ ಕಡಿಮೆ ಕಾಣುತ್ತದೆ.

ಇನ್‌ಕ್ಲೂಡ್ ವರ್ಚುವಲ್ ತಾಣದ ಬೇರಿನಿಂದ ಯುಆರ್‌ಎಲ್ ದಾರಿ ತೆಗೆದುಕೊಳ್ಳುತ್ತದೆ. ಸರ್ವರ್ ತನ್ನೊಳಗೇ ಒಂದು ಉಪವಿನಂತಿ ಮಾಡಿ ಆ ದಾರಿಯನ್ನು ತಾನೇ ಕೇಳುತ್ತದೆ. ಆದ್ದರಿಂದ ದಾರಿಯ ಕೊನೆಯಲ್ಲಿ ಸಾದಾ ಫೈಲ್ ಇರಬಹುದು, ಸಿಜಿಐ ಸ್ಕ್ರಿಪ್ಟ್ (ಸರ್ವರ್ ಓಡಿಸಿ ಫಲಿತಾಂಶ ಕಳಿಸುವ ಪ್ರತ್ಯೇಕ ಪ್ರೋಗ್ರಾಂ) ಇರಬಹುದು, ಪಿಎಚ್‌ಪಿ ಇರಬಹುದು. ಪ್ರಶ್ನಾರ್ಥಕ ಚಿಹ್ನೆಯ ನಂತರ ಮಾಹಿತಿಯನ್ನೂ ಕಳಿಸಬಹುದು:

<!--#ಇನ್‌ಕ್ಲೂಡ್ ವರ್ಚುವಲ್="/ಸಿಜಿಐ-ಬಿನ್/ಪ್ರಕಟಣೆ.ಪಿಎಲ್?ವಿಭಾಗ=ಗ್ರಂಥಾಲಯ" -->

ಎಕ್ಸೆಕ್‌ನಲ್ಲಿ ಎರಡು ರೂಪ. ಎಕ್ಸೆಕ್ ಸಿಜಿಐ ಎಂಬುದು ಸ್ಕ್ರಿಪ್ಟ್ ಓಡಿಸುತ್ತದೆ, ಆದರೆ ಹೀಗೆ ಪ್ರಶ್ನೆಯ ಭಾಗವನ್ನು ನೀವು ಸೇರಿಸಲಾಗದು. ಓದುಗರ ಮೂಲ ವಿಳಾಸದಲ್ಲಿದ್ದ ಪ್ರಶ್ನೆಯೇ ಸ್ಕ್ರಿಪ್ಟಿಗೆ ಹೋಗುತ್ತದೆ. ಎಕ್ಸೆಕ್ ಸಿಎಂಡಿ ಯಾವುದೇ ಶೆಲ್ ಕಮಾಂಡನ್ನು ಸರ್ವರಿನ ಬಳಕೆದಾರನ ಹೆಸರಿನಲ್ಲಿ ಓಡಿಸುತ್ತದೆ. ಪುಟದೊಳಗೆ ಒಂದು ಸಾಲು ಸೇರಿಸಲು ಸಾಧ್ಯವಿರುವ ಯಾರಿಗಾದರೂ ಸರ್ವರಿನ ಕೀಲಿಕೈ ಕೊಟ್ಟಂತೆ ಇದು. ಓದುಗರ ಟಿಪ್ಪಣಿಯನ್ನೋ ಸಂದರ್ಶಕರ ಪುಸ್ತಕವನ್ನೋ ಶೋಧಿಸದೆ .ಎಸ್‌ಎಚ್‌ಟಿಎಂಎಲ್ ಫೈಲಿಗೆ ಬರೆಯುವ ತಾಣದಲ್ಲಿ ಯಾರೋ ಒಬ್ಬರು ಎಕ್ಸೆಕ್ ಸಿಎಂಡಿ ಆದೇಶವನ್ನೇ ಟಿಪ್ಪಣಿಯಾಗಿ ಬರೆದರೆ, ಮುಂದಿನ ಓದುಗ ಪುಟ ತೆರೆದ ಕೂಡಲೇ ಅದು ಓಡುತ್ತದೆ. ಎಸ್‌ಎಸ್‌ಐ ಇಂಜೆಕ್ಷನ್ ಎಂದು ಹೆಸರಾದ ದಾಳಿ ಇದೇ.

ಆದ್ದರಿಂದ ಮೇಲಿನ ಸಜ್ಜಿನಲ್ಲಿ ಇನ್‌ಕ್ಲೂಡ್ಸ್ ಎಂದು ಬರೆಯದೆ ಇನ್‌ಕ್ಲೂಡ್ಸ್‌ನೋಎಕ್ಸೆಕ್ ಎಂದು ಬರೆದದ್ದು. ಇದು ಎಕ್ಸೆಕ್‌ನ ಎರಡೂ ರೂಪಗಳನ್ನು ಮುಚ್ಚುತ್ತದೆ. ಆದರೆ ಸ್ಕ್ರಿಪ್ಟ್‌ಅಲಿಯಾಸ್ ಎಂದು ಗುರುತಿಸಿದ ಡೈರೆಕ್ಟರಿಯ ಸಿಜಿಐಗಳನ್ನು ಇನ್‌ಕ್ಲೂಡ್ ವರ್ಚುವಲ್ ಮೂಲಕ ತರುವ ದಾರಿ ತೆರೆದೇ ಇರುತ್ತದೆ. ಅಂದರೆ ಸ್ಕ್ರಿಪ್ಟ್ ಕೂರಿಸಲು ಎಕ್ಸೆಕ್ ಬೇಕೆಂಬ ಮಾತೇ ಸರಿಯಲ್ಲ. ಜನರು ಫೈಲ್ ಏರಿಸುವ ಡೈರೆಕ್ಟರಿಗಂತೂ ಆಪ್ಷನ್ಸ್ -ಇನ್‌ಕ್ಲೂಡ್ಸ್ ಎಂದು ಬರೆದು ಎಸ್‌ಎಸ್‌ಐಯನ್ನೇ ಪೂರ್ತಿ ನಿಲ್ಲಿಸಿಬಿಡಿ.

ಕೆಟ್ಟಾಗ ಎಲ್ಲಿ ನೋಡುವುದು

ಪುಟದಲ್ಲಿ ತುಣುಕು ಬರಲಿಲ್ಲ ಎಂದಾಗ ಮೊದಲು ಬ್ರೌಸರಿನಲ್ಲಿ ಪುಟದ ಸೋರ್ಸ್ ತೆರೆಯಿರಿ. ಆದೇಶ ಬರೆದಂತೆಯೇ ಅಲ್ಲಿ ಕಂಡರೆ ಸರ್ವರ್ ಅದನ್ನು ಓದಿಯೇ ಇಲ್ಲ: ಫಿಲ್ಟರ್ ಹಾಕಿಲ್ಲ, ಫೈಲಿನ ಕೊನೆಯ ಹೆಸರು ಬೇರೆ, ಇಲ್ಲವೇ ಫೈಲನ್ನು ಸರ್ವರ್ ಮೂಲಕವಲ್ಲದೆ ನೇರವಾಗಿ ಡಿಸ್ಕಿನಿಂದ ತೆರೆದಿದ್ದೀರಿ. ಫಿಲ್ಟರ್ ಇದ್ದು ಆಪ್ಷನ್ಸ್ ಮರೆತಿದ್ದರೆ, ಇನ್‌ಕ್ಲೂಡ್ಸ್ ಫಿಲ್ಟರನ್ನು ತೆಗೆದುಹಾಕಿದ್ದೇನೆ ಎಂದು ಅಪಾಚಿ ಎರರ್ ಲಾಗಿನಲ್ಲಿ ಬರೆಯುತ್ತದೆ.

ಚೌಕ ಕಂಸದೊಳಗೆ ‘ಆ್ಯನ್ ಎರರ್ ಅಕರ್ಡ್ ವೈಲ್ ಪ್ರೊಸೆಸಿಂಗ್ ದಿಸ್ ಡೈರೆಕ್ಟಿವ್’ ಎಂಬ ಸಾಲು ಬಂದರೆ ಅದು ಬೇರೆ ಕಥೆ. ಸರ್ವರ್ ಆದೇಶ ಓದಿದೆ, ನಡೆಸಲಾಗಿಲ್ಲ. ದಾರಿ ತಪ್ಪು, ಕಾಗುಣಿತ ತಪ್ಪು, ಅನುಮತಿ ಇಲ್ಲ, ಅಥವಾ ಸ್ಕ್ರಿಪ್ಟ್ ಬಿದ್ದಿದೆ. ಸ್ಕ್ರಿಪ್ಟನ್ನು ಅದರದೇ ವಿಳಾಸದಲ್ಲಿ ಒಮ್ಮೆ ತೆರೆದು ನೋಡಿ. ಸಿಜಿಐ ಆದರೆ ಫೈಲಿನ ಅನುಮತಿ 755 ಇರಬೇಕು. ಮೊದಲು ಕಂಟೆಂಟ್-ಟೈಪ್ ಹೆಡರ್ (ವಿಷಯದ ಬಗೆ ಹೇಳುವ ಮುಂಸಾಲು), ಆಮೇಲೆ ಒಂದು ಖಾಲಿ ಸಾಲು, ಆಮೇಲೆ ವಿಷಯ, ಈ ಕ್ರಮದಲ್ಲಿ ಬರೆಯಬೇಕು. ವಿಂಡೋಸಿನಲ್ಲಿ ಬರೆದು ಹಾಗೇ ಏರಿಸಿದ ಪರ್ಲ್ ಫೈಲಿನ ಮೊದಲ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಒಂದು ಅಕ್ಷರ ಉಳಿದಿರುತ್ತದೆ. ಆಗ ಲಿನಕ್ಸ್ ಸರ್ವರ್ ಇಲ್ಲದ ಹೆಸರಿನ ಪರ್ಲನ್ನು ಹುಡುಕುತ್ತದೆ. ಎಡಿಟರಿನಲ್ಲಿ ಸಾಲಿನ ಕೊನೆಯನ್ನು ಯುನಿಕ್ಸ್ ಬಗೆಗೆ ಬದಲಿಸಿ ಉಳಿಸಿದರೆ ಸರಿಹೋಗುತ್ತದೆ.

ಓದುಗರಿಗೆ ಆ ಇಂಗ್ಲಿಷ್ ಸಾಲು ಕಾಣದಿರಲಿ ಎಂದರೆ ಪುಟದ ಮೇಲ್ಭಾಗದಲ್ಲಿ <!--#ಕಾನ್ಫಿಗ್ ಎರ್‌ಎಂಎಸ್‌ಜಿ="..." --> ಮಾದರಿಯ ಆದೇಶವಿದೆ. ಅಲ್ಲಿ ‘ಮಾಹಿತಿ ಸದ್ಯಕ್ಕೆ ಲಭ್ಯವಿಲ್ಲ’ ಎಂದು ಕನ್ನಡದಲ್ಲೇ ಬರೆಯಬಹುದು. ಅಪಾಚಿ 2.4ರಲ್ಲಿ ಇನ್ನೂ ಒಳ್ಳೆಯ ಉಪಾಯ ಇನ್‌ಕ್ಲೂಡ್‌ನ ಆನ್‌ಎರರ್: ತುಣುಕು ಸಿಗದಿದ್ದರೆ ಬದಲಿಗೆ ತೋರಿಸಬೇಕಾದ ಇನ್ನೊಂದು ದಾರಿಯನ್ನು ಅಲ್ಲಿ ಕೊಡುತ್ತೀರಿ. ಅದನ್ನು ವರ್ಚುವಲ್ ಗುಣಪದದ ನಂತರವೇ ಬರೆಯಬೇಕು.

ಹಳೆಯ ತಾಣವನ್ನು ಅಪಾಚಿ 2.2ರಿಂದ 2.4ಕ್ಕೆ ಸಾಗಿಸಿದಾಗ ಇಫ್ ಆದೇಶಗಳೆಲ್ಲ ಒಮ್ಮೆಲೇ ಕೈಕೊಡುತ್ತವೆ. 2.4ರಲ್ಲಿ ಷರತ್ತು ಬರೆಯುವ ವ್ಯಾಕರಣವೇ ಬದಲಾಯಿತು. ನೂರಾರು ಪುಟ ತಿದ್ದಲು ಆಗದಿದ್ದರೆ ಎಸ್‌ಎಸ್‌ಐಲೆಗಸಿಎಕ್ಸ್‌ಪ್ರ್‌ಪಾರ್ಸರ್ ಎಂಬುದನ್ನು ಆನ್ ಮಾಡಿದರೆ ಹಳೆಯ ವ್ಯಾಕರಣ ನಡೆಯುತ್ತದೆ.

ತುಣುಕಿನೊಳಗೇ ಇನ್ನೊಂದು ಎಸ್‌ಎಸ್‌ಐ ಆದೇಶ ಇದ್ದರೆ ಆ ತುಣುಕಿನ ಫೈಲಿಗೂ ಫಿಲ್ಟರ್ ತಗಲಬೇಕು. ಅದಕ್ಕೇ ಮೆನುವಿಗೂ .ಎಸ್‌ಎಚ್‌ಟಿಎಂಎಲ್ ಎಂದೇ ಹೆಸರಿಟ್ಟದ್ದು. ಇದರಿಂದ ಒಂದು ಸೊಗಸಾದ ಲಾಭವಿದೆ. ಅಡಿಬರಹದ ತುಣುಕಿನಲ್ಲಿ ಎಕೋ ಆದೇಶದಿಂದ ಲಾಸ್ಟ್_ಮಾಡಿಫೈಡ್ ಚರವನ್ನು ಬರೆದರೆ ಅದು ಅಡಿಬರಹದ ದಿನಾಂಕವನ್ನಲ್ಲ, ಓದುಗರು ಕೇಳಿದ ಮೂಲ ಪುಟ ಯಾವಾಗ ಬದಲಾಯಿತೋ ಆ ದಿನಾಂಕವನ್ನು ತೋರಿಸುತ್ತದೆ. 120 ಪುಟಕ್ಕೂ ಒಂದೇ ಅಡಿಬರಹ, ಆದರೂ ಪ್ರತಿ ಪುಟಕ್ಕೆ ಅದರದೇ ‘ಕೊನೆಯ ಪರಿಷ್ಕರಣೆ’.

ವೇಗ ಮತ್ತು ಕ್ಯಾಶ್

ತುಣುಕುಗಳು ಯಾವಾಗ ಬದಲಾಗುತ್ತವೆಂದು ಸರ್ವರಿಗೆ ಹೇಳಲು ಬಾರದಾದ್ದರಿಂದ ಅಪಾಚಿ ಎಸ್‌ಎಸ್‌ಐ ಪುಟಗಳಿಗೆ ಕೊನೆಗೆ ಬದಲಾದ ದಿನಾಂಕ ಹೇಳುವ ಲಾಸ್ಟ್-ಮಾಡಿಫೈಡ್ ಹೆಡರ್ ಕಳಿಸುವುದಿಲ್ಲ. ಬ್ರೌಸರ್ ಪ್ರತಿ ಸಲ ಪೂರ್ತಿ ಪುಟವನ್ನೇ ಇಳಿಸಿಕೊಳ್ಳುತ್ತದೆ. ಇದನ್ನು ತಪ್ಪಿಸಲು ಎಕ್ಸ್‌ಬಿಟ್‌ಹ್ಯಾಕ್ ಫುಲ್ ಎಂಬ ಹಳೆಯ ದಾರಿ ಇದೆ. ಫೈಲಿಗೆ ಎಕ್ಸಿಕ್ಯೂಟ್ ಬಿಟ್, ಅಂದರೆ ಓಡಿಸುವ ಅನುಮತಿ, ಹಾಕಿದರೆ .ಎಚ್‌ಟಿಎಂಎಲ್ ಹೆಸರಿನಲ್ಲೇ ಎಸ್‌ಎಸ್‌ಐ ನಡೆಯುತ್ತದೆ. ಗುಂಪಿನ ಎಕ್ಸಿಕ್ಯೂಟ್ ಬಿಟ್ಟೂ ಇದ್ದರೆ ಮೂಲ ಫೈಲಿನ ದಿನಾಂಕ ಹೆಡರಾಗಿ ಹೋಗುತ್ತದೆ. ಇದರ ತೊಂದರೆ ಇದು: ಆ ದಿನಾಂಕ ಮೂಲ ಫೈಲಿನದು ಮಾತ್ರ. ನೀವು ಮೆನುವನ್ನು ಬದಲಿಸಿದರೂ ಮೂಲ ಪುಟ ಬದಲಾಗಿಲ್ಲವಾದ್ದರಿಂದ ಓದುಗರ ಬ್ರೌಸರಿನಲ್ಲಿ ಹಳೆಯ ಮೆನುವೇ ಉಳಿಯಬಹುದು. ಪ್ರಕಟಣೆಯ ಸ್ಕ್ರಿಪ್ಟ್ ಇರುವ ಪುಟದಲ್ಲಿ ಇದನ್ನು ಬಳಸಲೇಬೇಡಿ.

ಸಿಜಿಐ ಪ್ರತಿ ಸಲವೂ ಹೊಸ ಪ್ರೊಸೆಸ್ ಹುಟ್ಟಿಸುತ್ತದೆ. ಒಂದು ಪುಟದಲ್ಲಿ ನಾಲ್ಕು ಸಿಜಿಐ ತುಣುಕಿದ್ದರೆ ಪ್ರತಿ ಓದುಗರಿಗೆ ನಾಲ್ಕು ಪ್ರೊಸೆಸ್. ಫಲಿತಾಂಶದ ದಿನ ಎಲ್ಲ ವಿದ್ಯಾರ್ಥಿಗಳೂ ಒಟ್ಟಿಗೆ ನುಗ್ಗಿದಾಗ ಸರ್ವರ್ ಕುಸಿಯುವುದು ಹೀಗೆಯೇ. ವಿಷಯ ಗಂಟೆಗೊಮ್ಮೆ ಮಾತ್ರ ಬದಲಾಗುವುದಾದರೆ ಸ್ಕ್ರಿಪ್ಟನ್ನು ಪುಟದಲ್ಲಿ ಕೂರಿಸುವುದೇ ಬೇಡ. ನಿಗದಿತ ಹೊತ್ತಿಗೆ ಕೆಲಸ ನಡೆಸುವ ಕ್ರಾನ್‌ನಿಂದ 10 ನಿಮಿಷಕ್ಕೊಮ್ಮೆ ಓಡಿಸಿ, ಬಂದದ್ದನ್ನು ತಾತ್ಕಾಲಿಕ ಫೈಲಿಗೆ ಬರೆದು, ಬರಹ ಪೂರ್ತಿಯಾದ ಮೇಲೆ ಹೆಸರು ಬದಲಿಸಿ ತುಣುಕಿನ ಜಾಗಕ್ಕೆ ತನ್ನಿ. ಪುಟ ಅದನ್ನು ಸಾದಾ ಫೈಲಾಗಿ ಸೇರಿಸಿಕೊಳ್ಳುತ್ತದೆ. ನೇರವಾಗಿ ತುಣುಕಿನ ಮೇಲೇ ಬರೆದರೆ ಆ ಕ್ಷಣದಲ್ಲಿ ಪುಟ ತೆರೆದವರಿಗೆ ಅರ್ಧ ಪಟ್ಟಿ ಕಾಣುತ್ತದೆ. ನಮ್ಮ ಮಟ್ಟಿಗೆ ಸಣ್ಣ ತಾಣಗಳಿಗೆ ಇದಕ್ಕಿಂತ ಗಟ್ಟಿಯಾದ ಏರ್ಪಾಡು ಇನ್ನೊಂದಿಲ್ಲ: ಸ್ಕ್ರಿಪ್ಟ್ ಬಿದ್ದರೂ ಹಿಂದಿನ ಪಟ್ಟಿ ಪುಟದಲ್ಲಿ ಉಳಿದಿರುತ್ತದೆ.

ಎಂಜಿನ್‌ಎಕ್ಸ್ ಆದರೆ

ಇಲ್ಲಿ ಎಸ್‌ಎಸ್‌ಐ ಆನ್ ಎಂಬ ಒಂದೇ ಸಾಲು ಸಾಕು. ಟೆಕ್ಸ್ಟ್/ಎಚ್‌ಟಿಎಂಎಲ್ ಆಗಿ ಹೋಗುವ ಎಲ್ಲ ಪುಟಗಳನ್ನೂ ಅದು ಓದುತ್ತದೆ, .ಎಸ್‌ಎಚ್‌ಟಿಎಂಎಲ್ ಹೆಸರೇ ಬೇಕೆಂದಿಲ್ಲ. ಎಕ್ಸೆಕ್ ಎಂಬ ಆದೇಶವೇ ಇಲ್ಲ, ಅದೊಂದು ನೆಮ್ಮದಿ. ಸಿಜಿಐಯನ್ನು ತಾನಾಗಿ ಓಡಿಸಲಾರದು. ಪರ್ಲ್ ಸ್ಕ್ರಿಪ್ಟಿಗೆ ಎಫ್‌ಸಿಜಿಐರ್‍ಯಾಪ್, ಪಿಎಚ್‌ಪಿಗೆ ಎಫ್‌ಪಿಎಂ ಹೀಗೆ ಹಿಂದೊಂದು ಸೇವೆ ಬೇಕು.

ಅಪಾಚಿಗಿಂತ ಇದು ಮೇಲಾಗುವ ಜಾಗ ಮೂರು. ಮೊದಲನೆಯದು, ಒಂದು ಪುಟದ ಹಲವು ಇನ್‌ಕ್ಲೂಡ್‌ಗಳನ್ನು ಇದು ಏಕಕಾಲಕ್ಕೆ ಕೇಳುತ್ತದೆ. ಒಂದರ ಫಲ ಇನ್ನೊಂದಕ್ಕೆ ಬೇಕಾದಾಗ ಮಾತ್ರ ವೇಟ್="ಯೆಸ್" ಎಂದು ಬರೆದು ಕಾಯಿಸಬೇಕು. ಎರಡನೆಯದು, ಸ್ಟಬ್: ಮೊದಲೇ ಬ್ಲಾಕ್ ಆದೇಶದಲ್ಲಿ ಬರೆದಿಟ್ಟ ಬದಲಿ ವಿಷಯವನ್ನು, ತುಣುಕು ಖಾಲಿ ಬಂದಾಗ ಅಥವಾ ದೋಷವಾದಾಗ ಅದೇ ಜಾಗದಲ್ಲಿ ತೋರಿಸುತ್ತದೆ. ಮೂರನೆಯದು ಎಲ್ಲಕ್ಕಿಂತ ಬೆಲೆಯುಳ್ಳದ್ದು. ತನ್ನ ಹಿಂದೆ ನಿಂತು ಪುಟ ತಯಾರಿಸುವ ಸರ್ವರಿನಿಂದ ಬಂದದ್ದನ್ನು ಪ್ರಾಕ್ಸಿ ಕ್ಯಾಶಿನಲ್ಲಿ ಇಡುವಾಗ ಎಂಜಿನ್‌ಎಕ್ಸ್ ಆದೇಶಗಳನ್ನು ಬಿಡಿಸದೆ, ಬರೆದಂತೆಯೇ ಇಡುತ್ತದೆ. ಬಿಡಿಸುವುದು ಓದುಗರಿಗೆ ಕಳಿಸುವಾಗ. ಹಾಗಾಗಿ ಪುಟದ ಚೌಕಟ್ಟು 10 ನಿಮಿಷ ಕ್ಯಾಶಿನಲ್ಲಿ ಕೂತಿದ್ದರೂ ‘ನಮಸ್ಕಾರ’ ಎನ್ನುವ ಲಾಗಿನ್ ಪಟ್ಟಿ ಪ್ರತಿಯೊಬ್ಬರಿಗೂ ಅವರವರದೇ ಆಗಿರುತ್ತದೆ.

ಕೆಡುವ ಜಾಗವೂ ಇಲ್ಲೇ ಇದೆ. ಆ ಹಿಂದಿನ ಸರ್ವರ್ ಪುಟವನ್ನು ಜಿಜಿಪ್ ಮಾಡಿ, ಅಂದರೆ ಕುಗ್ಗಿಸಿ, ಕಳಿಸಿದರೆ ಎಂಜಿನ್‌ಎಕ್ಸ್‌ಗೆ ಆದೇಶಗಳು ಕಾಣುವುದೇ ಇಲ್ಲ. ಪ್ರಾಕ್ಸಿ_ಸೆಟ್_ಹೆಡರ್ ಬಳಸಿ ಆ್ಯಕ್ಸೆಪ್ಟ್-ಎನ್‌ಕೋಡಿಂಗನ್ನು ಖಾಲಿ ಮಾಡಿ ಕಳಿಸಿದರೆ ಹಿಂದಿನದು ಸಾದಾ ಪಠ್ಯ ಕೊಡುತ್ತದೆ. ಓದುಗರಿಗೆ ಹೋಗುವಾಗ ಬೇಕಾದರೆ ಎಂಜಿನ್‌ಎಕ್ಸೇ ಜಿಜಿಪ್ ಮಾಡಲಿ. ಇಫ್ ಒಳಗೆ ಇಫ್ ಬರೆಯುವ ಅಭ್ಯಾಸ ಇದ್ದವರು ನೆನಪಿಡಿ, ಇಲ್ಲಿ ಒಂದೇ ಹಂತದ ಒಳಸೇರಿಕೆಗೆ ಅವಕಾಶ.

ತುಣುಕಿನ ಡೈರೆಕ್ಟರಿಯನ್ನು ಹೊರಗಿನವರು ನೇರವಾಗಿ ತೆರೆಯದಂತೆ ಮಾಡುವುದು ಎಂಜಿನ್‌ಎಕ್ಸ್‌ನಲ್ಲಿ ಸಲೀಸು: ಆ ಲೊಕೇಶನ್‌ಗೆ ಇಂಟರ್ನಲ್ ಎಂದು ಬರೆದರೆ ಉಪವಿನಂತಿಗಳಿಗೆ ಮಾತ್ರ ದಾರಿ. ಅಪಾಚಿಯಲ್ಲಿ ರಿಕ್ವೈರ್ ಆಲ್ ಡಿನೈಡ್ ಎಂದು ಮುಚ್ಚಿದರೆ ಉಪವಿನಂತಿಗೂ ಬಾಗಿಲು ಮುಚ್ಚಿ ಎಲ್ಲ ಪುಟದಲ್ಲೂ ದೋಷದ ಸಾಲು ಬರುತ್ತದೆ. ಅಲ್ಲಿ ಮಾಡ್_ರೀರೈಟ್‌ನ ಈಸ್_ಸಬ್‌ರೆಕ್ ಚರ ಫಾಲ್ಸ್ ಇದ್ದಾಗ ಮಾತ್ರ ತಡೆಯುವ ನಿಯಮ ಬರೆಯಬೇಕು.

ಮೈಕ್ರೋಸಾಫ್ಟ್ ಐಐಎಸ್‌ನಲ್ಲೂ ಎಸ್‌ಎಸ್‌ಐ ಇದೆ. ಐಐಎಸ್ 7ರಿಂದೀಚೆ ತಾನಾಗಿ ಬರುವುದಿಲ್ಲ, ರೋಲ್ ಸರ್ವಿಸ್ ಆಗಿ ಬೇರೆಯಾಗಿ ಸೇರಿಸಬೇಕು. ಹಳೆಯ ಎಎಸ್‌ಪಿ ಪುಟಗಳಲ್ಲಿ ಇನ್‌ಕ್ಲೂಡ್ ಸ್ಕ್ರಿಪ್ಟ್ ಓಡುವ ಮುಂಚೆಯೇ ಆಗಿಬಿಡುವುದರಿಂದ ಫೈಲಿನ ಹೆಸರಿನ ಜಾಗದಲ್ಲಿ ಚರ ಹಾಕಿದರೆ ಕೆಲಸ ಮಾಡದು.

ಪಿಎಚ್‌ಪಿ ಇನ್‌ಕ್ಲೂಡ್

ಅಗ್ಗದ ಹೋಸ್ಟಿಂಗ್‌ನಲ್ಲೂ ಪಿಎಚ್‌ಪಿ ಇರುತ್ತದೆ, ಎಸ್‌ಎಸ್‌ಐ ಇಲ್ಲದಿರಬಹುದು. ಇದೊಂದೇ ಕಾರಣಕ್ಕೆ ಪಿಎಚ್‌ಪಿ ಆರಿಸಿದರೂ ತಪ್ಪಿಲ್ಲ. ಫಾರ್ಮ್ ತೆಗೆದುಕೊಳ್ಳಬೇಕು, ಲಾಗಿನ್ ಬೇಕು, ತುಣುಕು ಕುಕಿ ಇಡಬೇಕು, ಇವುಗಳಲ್ಲಿ ಒಂದಿದ್ದರೂ ಎಸ್‌ಎಸ್‌ಐ ಬಿಟ್ಟು ಇಲ್ಲಿಗೆ ಬನ್ನಿ. ಎಸ್‌ಎಸ್‌ಐ ತುಣುಕು ಕಳಿಸಿದ ಸೆಟ್-ಕುಕಿ ಹೆಡರ್ ಓದುಗರನ್ನು ತಲುಪುವುದಿಲ್ಲ, ಏಕೆಂದರೆ ಹೆಡರ್‌ಗಳು ಮೂಲ ಪುಟಕ್ಕೆ ಸೇರಿದವು, ತುಣುಕಿನಿಂದ ಬರುವುದು ಒಡಲು ಮಾತ್ರ. ‘ಕೌಂಟರ್ ಬರುತ್ತದೆ, ಕುಕಿ ಮಾತ್ರ ಬರುವುದಿಲ್ಲ’ ಎಂಬ ದೂರಿನ ಮೂಲ ಇದು.

ಇನ್‌ಕ್ಲೂಡ್ ಮತ್ತು ರಿಕ್ವೈರ್ ನಡುವೆ ಆರಿಸುವುದು ಹೀಗೆ: ತುಣುಕು ಇಲ್ಲದೆಯೂ ಪುಟ ಓದಬಹುದಾದರೆ ಇನ್‌ಕ್ಲೂಡ್, ಅದು ಎಚ್ಚರಿಕೆ ಕೊಟ್ಟು ಮುಂದುವರಿಯುತ್ತದೆ. ಲಾಗಿನ್ ಪರೀಕ್ಷಿಸುವಂಥ ಫೈಲ್ ಆದರೆ ರಿಕ್ವೈರ್, ಫೈಲ್ ಸಿಗದಿದ್ದರೆ ಪುಟ ಅಲ್ಲಿಗೇ ನಿಲ್ಲುತ್ತದೆ. ಪರೀಕ್ಷೆಯ ಫೈಲನ್ನು ಇನ್‌ಕ್ಲೂಡ್‌ನಿಂದ ತಂದರೆ, ಅದು ಕಾಣೆಯಾದ ದಿನ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ.

ದಾರಿಯನ್ನು ಯಾವಾಗಲೂ __ಡಿಐಆರ್__ ಎಂಬ ಸ್ಥಿರಾಂಕದಿಂದ ಆರಂಭಿಸಿ. ಬರೀ ಫೈಲ್ ಹೆಸರು ಕೊಟ್ಟರೆ ಪಿಎಚ್‌ಪಿ ಹಲವು ಕಡೆ ಹುಡುಕುತ್ತದೆ, ಒಂದು ತುಣುಕು ಇನ್ನೊಂದನ್ನು ಕರೆದಾಗ ಲೆಕ್ಕ ತಪ್ಪುತ್ತದೆ. ಫೈಲಿನ ಜಾಗದಲ್ಲಿ ನಿಮ್ಮದೇ ತಾಣದ ಪೂರ್ತಿ ಎಚ್‌ಟಿಟಿಪಿ ವಿಳಾಸ ಬರೆಯಬೇಡಿ. ಅದಕ್ಕೆ ಬೇಕಾದ ಅಲೌ_ಯುಆರ್‌ಎಲ್_ಇನ್‌ಕ್ಲೂಡ್ ಮೊದಲಿನಿಂದಲೂ ಆಫ್ ಇರುತ್ತದೆ, ಹಾಗಿರುವುದೇ ಒಳ್ಳೆಯದು. ಸಾದಾ ಪಠ್ಯವನ್ನು ತರಲು ರೀಡ್‌ಫೈಲ್ ಬಳಸಿ. ಇನ್‌ಕ್ಲೂಡ್ ಆದರೆ ಆ ಫೈಲಿನೊಳಗೆ ಪಿಎಚ್‌ಪಿ ಟ್ಯಾಗ್ ಇದ್ದಾಗ ಅದನ್ನೂ ಓಡಿಸುತ್ತದೆ, ಫೈಲಿನ ಹೆಸರು .ಟಿಎಕ್ಸ್‌ಟಿ ಆಗಿದ್ದರೂ ಸರಿಯೇ.

ವಿಳಾಸದಲ್ಲಿ ಬಂದ ಪುಟದ ಹೆಸರನ್ನು ಹಾಗೇ ಇನ್‌ಕ್ಲೂಡ್‌ಗೆ ಕೊಡುವ ಅಭ್ಯಾಸ ಇನ್ನೂ ಅಲ್ಲಲ್ಲಿ ಉಳಿದಿದೆ. ಇದು ಸರ್ವರಿನ ಯಾವ ಫೈಲನ್ನಾದರೂ ಓದಲು ಬಿಟ್ಟುಕೊಟ್ಟಂತೆ. ಅನುಮತಿಸಿದ ಹೆಸರುಗಳ ಪಟ್ಟಿಯೊಂದನ್ನು ಕೋಡಿನಲ್ಲಿ ಬರೆದು, ಬಂದ ಹೆಸರು ಅದರಲ್ಲಿದ್ದರೆ ಮಾತ್ರ ತೆರೆಯಿರಿ.

ಇಎಸ್‌ಐ

ಅಕಮಾಯ್, ಒರಾಕಲ್ ಮೊದಲಾದ ಕಂಪನಿಗಳು 2001ರಲ್ಲಿ ಡಬ್ಲ್ಯೂ3ಸಿಗೆ ಸಲ್ಲಿಸಿದ ಭಾಷೆ ಇದು. ಎಸ್‌ಎಸ್‌ಐಯ ಕಾಮೆಂಟಿನ ಬದಲು ಇಎಸ್‌ಐ:ಇನ್‌ಕ್ಲೂಡ್ ಎಂಬ ಟ್ಯಾಗ್ ಬರೆಯುತ್ತೀರಿ, ಕ್ಯಾಶ್ ಸರ್ವರ್ ಅದನ್ನು ಬಿಡಿಸುತ್ತದೆ. ಒಂದೊಂದು ತುಣುಕಿಗೂ ಬೇರೆ ಬೇರೆ ಆಯಸ್ಸು ಕೊಡಬಹುದು ಎನ್ನುವುದೇ ಇದರ ಬಲ: ಸುದ್ದಿ ತಾಣದ ಲೇಖನಕ್ಕೆ ಒಂದು ದಿನ, ಮೇಲಿನ ತಲೆಬರಹಗಳಿಗೆ 30 ಸೆಕೆಂಡ್. ವಾರ್ನಿಶ್‌ನಲ್ಲಿ ಬಿಇರೆಸ್ಪ್.ಡು_ಇಎಸ್‌ಐ ಎಂಬುದನ್ನು ಟ್ರೂ ಮಾಡಬೇಕು. ಒಳಸೇರಿಕೆಯ ಆಳಕ್ಕೆ 5ರ ಮಿತಿ ಮೊದಲೇ ಇರುತ್ತದೆ. ತುಣುಕಿನ ಮೊದಲ ಅಕ್ಷರ ಕೋನ ಕಂಸ ಅಲ್ಲದಿದ್ದರೆ ವಾರ್ನಿಶ್ ಅದನ್ನು ಇಎಸ್‌ಐಗಾಗಿ ಓದುವುದೇ ಇಲ್ಲ. ಜೆಸನ್ ಅಥವಾ ಬರೀ ಪಠ್ಯ ಕೊಡುವವರು ಈ ಪರೀಕ್ಷೆಯನ್ನು ನಿಲ್ಲಿಸುವ ಫೀಚರ್ ಹಾಕಬೇಕು. ಉಚಿತ ವಾರ್ನಿಶ್ ತುಣುಕುಗಳನ್ನು ಒಂದಾದ ಮೇಲೊಂದರಂತೆ ತರುತ್ತದೆ, ಆದ್ದರಿಂದ ನಿಧಾನದ ತುಣುಕುಗಳನ್ನು ಸಾಲಾಗಿ ಇಟ್ಟರೆ ನಿಧಾನಗಳೂ ಕೂಡಿಕೊಳ್ಳುತ್ತವೆ. ದಿನಕ್ಕೆ ಕೆಲವು ನೂರು ಓದುಗರ ತಾಣಕ್ಕೆ ಇಷ್ಟೆಲ್ಲ ಬೇಡ.

ಬ್ರೌಸರಿಗೆ ಬಿಡುವುದು

ಸರ್ವರಿನ ಮೇಲೆ ನಿಮಗೆ ಹಿಡಿತವೇ ಇಲ್ಲದಾಗ, ಗಿಟ್‌ಹಬ್ ಪೇಜಸ್‌ನಂಥ ಕಡೆ, ಎಸ್‌ಎಸ್‌ಐಯೂ ಇಲ್ಲ, ಪಿಎಚ್‌ಪಿಯೂ ಇಲ್ಲ. ಆಗ ಜಾವಾಸ್ಕ್ರಿಪ್ಟಿನಿಂದ ಫೆಚ್ ಮಾಡಿ ತಂದ ಎಚ್‌ಟಿಎಂಎಲ್ ಅನ್ನು ಇನ್ನರ್‌ಎಚ್‌ಟಿಎಂಎಲ್ ಮೂಲಕ ಹಾಕುವುದು ಸಾಮಾನ್ಯ. ಹಾಗೆ ಹಾಕಿದ ತುಣುಕಿನೊಳಗಿನ ಸ್ಕ್ರಿಪ್ಟ್ ಟ್ಯಾಗ್‌ಗಳು ಓಡುವುದಿಲ್ಲ, ಎಚ್‌ಟಿಎಂಎಲ್ ನಿಯಮವೇ ಹಾಗಿದೆ. ಓಡಲೇಬೇಕಾದರೆ ಹೊಸ ಸ್ಕ್ರಿಪ್ಟ್ ಅಂಶವನ್ನು ಕೋಡಿನಿಂದ ಸೃಷ್ಟಿಸಿ ಸೇರಿಸಬೇಕು. ಬೇರೆ ತಾಣದಿಂದ ತರುವುದಾದರೆ ಆ ತಾಣ ಕಾರ್ಸ್ ಅನುಮತಿ, ಅಂದರೆ ತನ್ನ ವಿಷಯವನ್ನು ಬೇರೆ ತಾಣದ ಪುಟ ಓದಲು ಒಪ್ಪಿಗೆ, ಕೊಡಬೇಕು. ತುಣುಕು ತಡವಾಗಿ ಬಂದು ಓದುತ್ತಿದ್ದ ಸಾಲನ್ನು ಕೆಳಗೆ ತಳ್ಳದಂತೆ, ಅದರ ಜಾಗಕ್ಕೆ ಮೊದಲೇ ಎತ್ತರ ಕೊಟ್ಟಿಡಿ. ಮೆನುವನ್ನು ಮಾತ್ರ ಈ ದಾರಿಯಲ್ಲಿ ತರಬೇಡಿ. ಹಳ್ಳಿಯ ನಿಧಾನ ಸಂಪರ್ಕದಲ್ಲಿ ಸ್ಕ್ರಿಪ್ಟ್ ಇಳಿಯದಿದ್ದರೆ ಓದುಗರು ಇರುವ ಪುಟದಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ.

ಐಫ್ರೇಮ್, ಅಂದರೆ ಪುಟದೊಳಗೆ ಇನ್ನೊಂದು ಪುಟ ತೋರಿಸುವ ಚೌಕಟ್ಟು, ಒಂದಕ್ಕೆ ಚೆನ್ನು: ನಂಬಲಾಗದ ಅಥವಾ ನಿಮ್ಮದಲ್ಲದ ವಿಷಯ. ಸ್ಯಾಂಡ್‌ಬಾಕ್ಸ್ ಹಾಕಿ ಅದನ್ನು ಪ್ರತ್ಯೇಕವಾಗಿ ಇಡಬಹುದು. ಎತ್ತರ ಒಳಗಿನ ವಿಷಯಕ್ಕೆ ತಕ್ಕಂತೆ ಹಿಗ್ಗುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಬಳಸಬೇಕು.

ಬೇರೆ ಸರ್ವರಿನ ತುಣುಕನ್ನು ಎಸ್‌ಎಸ್‌ಐಯಿಂದಲೇ ತರಬೇಕೆಂದರೆ ವರ್ಚುವಲ್‌ನಲ್ಲಿ ಹೊರಗಿನ ವಿಳಾಸ ಬರೆಯಲಾಗದು. ಅಪಾಚಿಯಲ್ಲಿ ಪ್ರಾಕ್ಸಿಪಾಸ್ ಹಾಕಿ ಆ ಸರ್ವರನ್ನು ನಿಮ್ಮ ತಾಣದ ಒಂದು ದಾರಿಯಾಗಿ ಮಾಡಿಕೊಂಡರೆ ಆಯಿತು. ಇಲ್ಲೂ ಜಿಜಿಪ್ ಕಾಟ ಇದ್ದೇ ಇದೆ, ಹೊರಟ ವಿನಂತಿಯಿಂದ ಆ್ಯಕ್ಸೆಪ್ಟ್-ಎನ್‌ಕೋಡಿಂಗ್ ಹೆಡರನ್ನು ತೆಗೆದುಬಿಡಿ.

ಮೆನು, ಅಡಿಬರಹ ಬಿಟ್ಟು ಬೇರೇನೂ ಬದಲಾಗುವುದಿಲ್ಲ, ಬದಲಿಸುವವರೂ ಒಬ್ಬಿಬ್ಬರೇ ಎಂದಾದರೆ ಜನರೇಟರ್ ಎಲ್ಲಕ್ಕಿಂತ ಹಗುರ. ಓದುಗರಿಗೆ ಹೋಗುವುದು ಅಪ್ಪಟ ಎಚ್‌ಟಿಎಂಎಲ್. ಆದರೆ ಒಂದು ಪದ ತಿದ್ದಲೂ ಜನರೇಟರ್ ಓಡಿಸಬೇಕು. ಫೈಲನ್ನು ನೇರವಾಗಿ ಸರ್ವರಿನಲ್ಲಿ ತಿದ್ದಿ ಅಭ್ಯಾಸವಾದ ಕಚೇರಿಯಲ್ಲಿ ಆ ತಿದ್ದುಪಡಿ ಮುಂದಿನ ಬಿಲ್ಡ್‌ನಲ್ಲಿ ಅಳಿಸಿಹೋಗುತ್ತದೆ. ಅಂಥ ಕಡೆ ಎಸ್‌ಎಸ್‌ಐಯೇ ಒಳ್ಳೆಯದು.

ಕನ್ನಡ ಪುಟಗಳಿಗೆ ವಿಶೇಷವಾಗಿ

ತುಣುಕಿಗೆ ತನ್ನದೇ ಎನ್‌ಕೋಡಿಂಗ್ ಇರುವುದಿಲ್ಲ, ಮೂಲ ಪುಟದ್ದೇ ಅದಕ್ಕೂ. ಮೂಲ ಪುಟ ಯುಟಿಎಫ್-8 ಇದ್ದು, ತುಣುಕು ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದಾದರೆ ಆ ಭಾಗ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತದೆ. ಮೊದಲು ಯುನಿಕೋಡ್‌ಗೆ ಪರಿವರ್ತಿಸಿ. ಉಳಿಸುವಾಗ ಬಿಒಎಂ ಇಲ್ಲದ ಯುಟಿಎಫ್-8 ಆರಿಸಿ. ಬಿಒಎಂ ಫೈಲಿನ ಮೊದಲಿಗೆ ಕೂರುವ ಮೂರು ಬೈಟ್. ಎಸ್‌ಎಸ್‌ಐ ಪುಟದಲ್ಲಿ ಮೆನುವಿನ ಮೇಲೆ ಕಾರಣ ತಿಳಿಯದ ಖಾಲಿ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ, ಪಿಎಚ್‌ಪಿಯಲ್ಲಿ ‘ಹೆಡರ್ಸ್ ಆಲ್ರೆಡಿ ಸೆಂಟ್’ ಎಚ್ಚರಿಕೆಗೆ ಕಾರಣವಾಗುತ್ತದೆ.

ದಿನಾಂಕ ತೋರಿಸುವಾಗ ಕಾನ್ಫಿಗ್ ಆದೇಶದ ಟೈಮ್‌ಎಫ್‌ಎಂಟಿಗೆ ಅಂಕೆಯ ರೂಪ ಕೊಡಿ. ವಾರದ ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಬರುತ್ತದೆ. ಕನ್ನಡದಲ್ಲೇ ಬೇಕಾದರೆ ಶೇಕಡಾ ಚಿಹ್ನೆ ಮತ್ತು ಸಣ್ಣ ಡಬ್ಲ್ಯೂ ಬಳಸಿ 0ಯಿಂದ 6ರವರೆಗಿನ ಅಂಕೆ ಪಡೆದು, ಏಳು ಕವಲಿನ ಇಫ್ ಬರೆದು ಭಾನುವಾರದಿಂದ ಶನಿವಾರದವರೆಗೆ ಹೆಸರು ಹಾಕಿ. ಸರ್ವರ್ ಯುಟಿಸಿ ಸಮಯದಲ್ಲಿದ್ದರೆ ನಮ್ಮಲ್ಲಿ ನಡುರಾತ್ರಿಯಿಂದ ಬೆಳಗಿನ 5.30ರವರೆಗೆ ಪುಟ ನಿನ್ನೆಯ ದಿನಾಂಕ ತೋರಿಸುತ್ತದೆ. ಸರ್ವರ್ ನಿಮ್ಮದೇ ಆದರೆ ಟೈಮ್‌ಡೇಟ್‌ಸಿಟಿಎಲ್ ಕಮಾಂಡಿನಿಂದ ವಲಯವನ್ನು ಏಷ್ಯಾ/ಕೋಲ್ಕತಾ ಮಾಡಿ ಅಪಾಚಿಯನ್ನು ರೀಸ್ಟಾರ್ಟ್ ಮಾಡಿ.

ತುಣುಕಿನೊಳಗಿನ ಚಿತ್ರ ಮತ್ತು ಕೊಂಡಿಗಳ ದಾರಿ ಓರೆಗೆರೆಯಿಂದಲೇ ಆರಂಭವಾಗಲಿ. ಬ್ರೌಸರಿಗೆ ತುಣುಕು ಎಲ್ಲಿಂದ ಬಂತೆಂದು ಗೊತ್ತಿಲ್ಲ, ಅದು ದಾರಿ ಎಣಿಸುವುದು ಮೂಲ ಪುಟದ ವಿಳಾಸದಿಂದ. ಮುಖಪುಟದಲ್ಲಿ ಕಾಣುವ ಲಾಂಛನ ಒಳಪುಟಗಳಲ್ಲಿ ಮಾಯವಾದರೆ ಇದನ್ನೇ ಮೊದಲು ನೋಡಿ. ತುಣುಕಿನಲ್ಲಿ ಎಚ್‌ಟಿಎಂಎಲ್, ಹೆಡ್, ಬಾಡಿ ಟ್ಯಾಗ್‌ಗಳೂ ಇರಬಾರದು.

ಈಗಾಗಲೇ .ಎಚ್‌ಟಿಎಂಎಲ್ ಹೆಸರಿನಲ್ಲಿ ಇರುವ 120 ಪುಟಗಳಿಗೆ ಹೆಸರು ಬದಲಿಸಬೇಡಿ, ಹೊರಗಿನ ಕೊಂಡಿಗಳೆಲ್ಲ ಮುರಿಯುತ್ತವೆ. ಆ್ಯಡ್‌ಔಟ್‌ಪುಟ್‌ಫಿಲ್ಟರ್ ಸಾಲಿನಲ್ಲಿ .ಎಚ್‌ಟಿಎಂಎಲ್ ಅನ್ನೂ ಸೇರಿಸಿ. ಆದೇಶವಿಲ್ಲದ ಪುಟಗಳನ್ನೂ ಸರ್ವರ್ ಓದಬೇಕಾಗುತ್ತದೆ ನಿಜ, ಈ ಗಾತ್ರದ ತಾಣಕ್ಕೆ ಅದು ಹೊರೆಯಲ್ಲ. ಮೊದಲು ಒಂದೇ ಪುಟದಲ್ಲಿ ಮೆನುವನ್ನು ತುಣುಕು ಮಾಡಿ ನೋಡಿ, ಸೋರ್ಸ್‌ನಲ್ಲಿ ಆದೇಶ ಮಾಯವಾಗಿ ಮೆನು ಬಂದಿದ್ದರೆ ಉಳಿದ 119ಕ್ಕೆ ಕೈಹಾಕಿ.